ಶಿಷ್ಯ ಎಂಬ ಮಾತಿನ ತೂಕ

ಗುರುವಿಲ್ಲದ ಊರು ರಾಯಚೂರು ಸೀಮೆಯಲ್ಲಿ ಹುಡುಕಿದರೂ ಸಿಗಲಿಕ್ಕಿಲ್ಲ. ಕೃಷ್ಣೆಯ ದಂಡೆಯ ದೇವಸುಗೂರಿನಲ್ಲಿ ವೀರಭದ್ರ ಸ್ವರೂಪಿಯಾದ ಸೂಗೂರೇಶ್ವರನಿದ್ದಾನೆ. ಸುತ್ತಿನ ಹಳ್ಳಿಗಳಲ್ಲಿ ಅವನ ಹೆಸರು ಹೊತ್ತ ಸೂಗಪ್ಪ, ಸೂಗಮ್ಮರಿಗೆ ಲೆಕ್ಕವಿಲ್ಲ. ಅದೇ ಹೊಳೆಯ ನಡುಗಡ್ಡೆಯಾದ ಕುರುವಪುರದಲ್ಲಿ ಶ್ರೀಪಾದ ಶ್ರೀವಲ್ಲಭರ ಸ್ಥಾನವಿದೆ. ಮಾನ್ವಿ, ದೇವದುರ್ಗಗಳ ಕಡೆ ಹೊರಳಿದರೆ ದಾಸರ ನೆಲ. ಇಂಥ ನೆಲದಲ್ಲಿ ಕ್ರೈಸ್ತ ಧರ್ಮ ಬಂದು 'ಶಿಷ್ಯರಾಗಿರಿ' ಎಂದಾಗ ಕೇಳಿದವರಿಗೆ ಆ ಮಾತು ಹೊಸದಾಗಿರಲಿಲ್ಲ. ಅದರ ಅನುಕೂಲವೂ ಅದೇ, ತೊಡಕೂ ಅದೇ.

ಮತ್ತಾಯನ ಸುವಾರ್ತೆಯ ಕೊನೆಯಲ್ಲಿ ಯೇಸು ತನ್ನ ಹನ್ನೊಂದು ಮಂದಿಗೆ ಒಂದು ಅಪ್ಪಣೆ ಕೊಡುತ್ತಾನೆ. ಹೋಗುವುದು, ಶಿಷ್ಯರನ್ನು ಮಾಡುವುದು, ದೀಕ್ಷಾಸ್ನಾನ ಕೊಡುವುದು, ಉಪದೇಶಿಸುವುದು ಎಂಬ ನಾಲ್ಕು ಕೆಲಸಗಳು ಅದರಲ್ಲಿ ಬರುತ್ತವೆ. ಆದರೆ ಮೂಲ ಗ್ರೀಕಿನಲ್ಲಿ ವಿಧ್ಯರ್ಥಕ ಕ್ರಿಯಾಪದ ಒಂದೇ: ಶಿಷ್ಯರನ್ನು ಮಾಡುವುದು. ಉಳಿದ ಮೂರೂ ಅದಕ್ಕೆ ಜೋತುಬಿದ್ದ ಕೃದಂತಗಳು. ಇದು ಬರೀ ವ್ಯಾಕರಣದ ಮಾತಲ್ಲ. ಇಪ್ಪತ್ತು ಶತಮಾನಗಳ ಮಿಶನರಿ ಇತಿಹಾಸದಲ್ಲಿ ಯಾವುದು ಮುಖ್ಯ, ಸ್ನಾನವೋ ಬೋಧೆಯೋ, ತಲೆ ಎಣಿಕೆಯೋ ಬದುಕಿನ ಬದಲಾವಣೆಯೋ ಎಂಬ ಜಗಳವೆಲ್ಲ ಈ ವಾಕ್ಯದ ಸುತ್ತಲೇ ನಡೆದಿದೆ. ಹೊಸ ಒಡಂಬಡಿಕೆಯಲ್ಲಿ 'ಶಿಷ್ಯ' ಎಂಬ ಅರ್ಥದ ಪದ 250ಕ್ಕೂ ಹೆಚ್ಚು ಸಲ ಬರುತ್ತದೆ. 'ಕ್ರೈಸ್ತ' ಎಂಬುದು ಬರುವುದು ಮೂರೇ ಸಲ. ಅಂತಿಯೋಕ್ಯದಲ್ಲಿ ಶಿಷ್ಯರಿಗೆ ಆಮೇಲೆ ಅಂಟಿದ ಹೆಸರು ಅದು.

ಆ ಕಾಲದ ಯೆಹೂದಿ ಸಮಾಜದಲ್ಲಿ ಗುರುವನ್ನು ಹುಡುಕಿಕೊಂಡು ಹೋಗುವುದು ಸಾಮಾನ್ಯವಾಗಿ ಶಿಷ್ಯನ ಕೆಲಸ. ಸುವಾರ್ತೆಗಳಲ್ಲಿ ಅದು ತಿರುಗುಮುರುಗು. ಗುರುವೇ ಕೆರೆದಂಡೆಗೆ ಬಂದು ಬಲೆ ಸರಿಪಡಿಸುತ್ತಿದ್ದವರನ್ನು ಕರೆಯುತ್ತಾನೆ. ಅವರು ದೋಣಿಯನ್ನೂ ತಂದೆಯನ್ನೂ ಬಿಟ್ಟು ಹಿಂದೆ ಹೋಗುತ್ತಾರೆ. ಕಲಿಯಬೇಕಾದದ್ದು ಒಂದು ಗ್ರಂಥವನ್ನಲ್ಲ, ಒಬ್ಬ ಮನುಷ್ಯನ ನಡೆಯನ್ನು. ಮತ್ತು ಶಿಷ್ಯ ಎಂದೂ ಗುರುವಿನ ಪೀಠ ಏರುವುದಿಲ್ಲ. ಅವನು ಮಾಡುವ ಶಿಷ್ಯರು ಅವನವರಲ್ಲ, ಅದೇ ಮೊದಲ ಗುರುವಿನವರು.

ಇಲ್ಲಿಯೇ ನಮ್ಮ ಕಡೆಯ ಪರಂಪರೆಯೊಂದಿಗೆ ಹೋಲಿಸಿ ನೋಡುವುದು ಉಚಿತ. ವಿಜಯದಾಸರು ಹುಟ್ಟಿದ್ದು ಮಾನ್ವಿ ಸೀಮೆಯ ಚೀಕಲಪರವಿಯಲ್ಲಿ. ಅವರ ಶಿಷ್ಯರಾದ ಗೋಪಾಲದಾಸರು ದೇವದುರ್ಗ ಸೀಮೆಯ ಮೊಸರಕಲ್ಲಿನವರು. ಗೋಪಾಲದಾಸರ ಶಿಷ್ಯರು ಬ್ಯಾಗವಾಟದ ಜಗನ್ನಾಥದಾಸರು. ಸಂಸ್ಕೃತ ಪಂಡಿತರಾಗಿದ್ದ ಈ ಕೊನೆಯವರು ಮೊದಲು ಕನ್ನಡದ ದಾಸರನ್ನು ಕಡೆಗಣಿಸಿದ್ದರೆಂದೂ, ಹೊಟ್ಟೆನೋವಿನಿಂದ ನರಳಿ ಶರಣು ಬಂದಾಗ ವಿಜಯದಾಸರು ಅವರನ್ನು ಗೋಪಾಲದಾಸರ ಬಳಿಗೆ ಕಳಿಸಿದರೆಂದೂ, ಅವರು ತಮ್ಮ ಆಯುಷ್ಯದಲ್ಲೇ 40 ವರ್ಷ ಧಾರೆಯೆರೆದರೆಂದೂ ಪ್ರತೀತಿ. ಕತೆಯನ್ನು ನಂಬುವುದು ಬಿಡುವುದು ಓದುಗರಿಗೆ ಬಿಟ್ಟದ್ದು. ಆದರೆ ಶಿಷ್ಯನನ್ನು ಮಾಡಿಕೊಳ್ಳಲು ಗುರು ತನ್ನ ಬದುಕಿನ ಒಂದು ಪಾಲನ್ನೇ ಕೊಡಬೇಕಾಗುತ್ತದೆ ಎಂಬ ತಿಳಿವಳಿಕೆ ಈ ನೆಲದಲ್ಲಿ ಮೊದಲೇ ಇತ್ತು. ಕನ್ನಡ ಬೈಬಲಿನ 'ಶಿಷ್ಯ' ಮತ್ತು 'ದೀಕ್ಷಾಸ್ನಾನ' ಎಂಬ ಪದಗಳು ಈ ಹಿನ್ನೆಲೆಯ ಭಾರವನ್ನು ಹೊತ್ತೇ ಬಂದವು.

ಆರಂಭದ ಸಭೆಯೂ ಈ ಕೆಲಸವನ್ನು ಅವಸರದಿಂದ ಮಾಡಲಿಲ್ಲ. ಹಿಪ್ಪೊಲಿಟಸನದೆಂದು ಹೇಳಲಾಗುವ ಪ್ರಾಚೀನ ನಿಯಮಾವಳಿಯೊಂದು ದೀಕ್ಷಾಸ್ನಾನಕ್ಕೆ ಮೊದಲು ಮೂರು ವರ್ಷದ ಬೋಧೆಯನ್ನು ವಿಧಿಸುತ್ತದೆ. ಬಂದವನ ಕಸುಬು ಯಾವುದು ಎಂದು ಮೊದಲೇ ವಿಚಾರಿಸುತ್ತಿದ್ದರು. ಅಖಾಡದಲ್ಲಿ ಮನುಷ್ಯರನ್ನು ಕೊಲ್ಲುವ ಮಲ್ಲನಾಗಿದ್ದರೆ ಅದನ್ನು ಬಿಟ್ಟೇ ಬರಬೇಕು. ಅರಸರು ಕ್ರೈಸ್ತರಾಗಿ, ಊರಿಗೆ ಊರೇ ಕ್ರೈಸ್ತವಾದ ಮೇಲೆ ಈ ಕಟ್ಟುನಿಟ್ಟು ಸಡಿಲವಾಯಿತು.

1542ರಲ್ಲಿ ಗೋವೆಗೆ ಬಂದಿಳಿದ ಫ್ರಾನ್ಸಿಸ್ ಕ್ಸೇವಿಯರ್ ತಮಿಳು ಕಡಲ ತೀರದ ಮೀನುಗಾರರ ನಡುವೆ ಸ್ನಾನ ಕೊಟ್ಟು ಕೊಟ್ಟು ಕೈ ಸೋಲುತ್ತಿದೆ ಎಂದು ಯೂರೋಪಿಗೆ ಬರೆದದ್ದು ಪ್ರಸಿದ್ಧ. ಅವನನ್ನು ಬರೀ ತಲೆ ಎಣಿಸಿದವನೆಂದು ಹಳಿಯುವುದು ಸಲ್ಲದು. ವಿಶ್ವಾಸ ಪ್ರಮಾಣವನ್ನು ತಮಿಳಿಗೆ ಮಾಡಿಸಿ, ಗಂಟೆ ಬಾರಿಸುತ್ತ ಓಣಿ ಓಣಿ ತಿರುಗಿ ಮಕ್ಕಳಿಗೆ ಕಲಿಸಿದವನೂ ಅವನೇ. ಆದರೆ ಅವನು ಮುಂದಿನ ಊರಿಗೆ ಹೋದ ಮೇಲೆ ಕಲಿಸುವವರು ಯಾರು? ನಮ್ಮ ಜಿಲ್ಲೆಯ ಮುದಗಲ್ಲಿನ ಕ್ಯಾಥೊಲಿಕರು ಆದಿಲ್‌ಶಾಹಿ ಕಾಲದಷ್ಟು ಹಳಬರು. ಗೋವೆಯ ಕಡೆಯಿಂದ ಬಂದ ಪಾದ್ರಿಗಳಿಂದ ಆ ಸಭೆ ಬೆಳೆಯಿತೆನ್ನುತ್ತಾರೆ. ಮೊಹರಂಗೆ ಹೆಸರಾದ ಆ ಕೋಟೆಯೂರಿನಲ್ಲಿ, ಕಡಲಿನಿಂದ ಇಷ್ಟು ದೂರ, ಒಂದು ಸಣ್ಣ ಸಮುದಾಯ ತಲೆಮಾರುಗಳ ಕಾಲ ಉಳಿದುಬಂದಿತಲ್ಲ, ಅದಕ್ಕೆ ಮನೆಯೊಳಗಿನ ಬೋಧೆಯನ್ನು ಬಿಟ್ಟು ಬೇರೆ ಕಾರಣ ನನಗೆ ತೋಚುವುದಿಲ್ಲ.

ಒಬ್ಬೊಬ್ಬನನ್ನಾಗಿ ಶಿಷ್ಯನನ್ನು ಮಾಡುವ ದಾರಿಗೆ ಕನ್ನಡ ನಾಡಿನ ಸ್ಪಷ್ಟ ನಿದರ್ಶನ ಮಂಗಳೂರಿನದು. 1834ರಲ್ಲಿ ಬಾಸೆಲ್ ಮಿಶನ್ನಿನ ಮೊದಲ ಮೂವರು ಅಲ್ಲಿಗೆ ಬಂದರು. ಎರಡು ವರ್ಷದ ನಂತರ ಹರ್ಮನ್ ಮೊಗ್ಲಿಂಗ್ ಬಂದ. 1843ರಲ್ಲಿ 'ಮಂಗಳೂರ ಸಮಾಚಾರ' ಹೊರಡಿಸಿದವನೂ, 1850ರಲ್ಲಿ ದಾಸರ ಪದಗಳನ್ನು ಅಚ್ಚು ಹಾಕಿಸಿದವನೂ ಈತನೇ. (ದಾಸರ ಪದಗಳು ಮೊದಲು ಅಚ್ಚಿನ ಮುಖ ಕಂಡದ್ದು ಒಬ್ಬ ಪಾದ್ರಿಯ ಕೈಯಿಂದ ಎಂಬುದನ್ನು ಎರಡೂ ಕಡೆಯವರು ನೆನಪಿಡುವುದು ಒಳ್ಳೆಯದು.) ಅವನ ಬಳಿ ಕಲಿಯುತ್ತಿದ್ದ ಸಾರಸ್ವತ ಬ್ರಾಹ್ಮಣ ತರುಣ ಆನಂದರಾವ್ ಕೌಂಡಿನ್ಯ 1844ರ ಜನವರಿ 6ರಂದು ಇಬ್ಬರು ಸಂಗಡಿಗರೊಂದಿಗೆ ದೀಕ್ಷಾಸ್ನಾನ ಪಡೆದ. ಹರ್ಮನ್ ಆನಂದರಾವ್ ಕೌಂಡಿನ್ಯ ಎಂದು ಗುರುವಿನ ಹೆಸರು ಶಿಷ್ಯನ ಹೆಸರಿಗೆ ಸೇರಿತು. ಆತ ಬಾಸೆಲ್‌ಗೆ ಹೋಗಿ ಓದಿ, 1851ರಲ್ಲಿ ಪಾದ್ರಿ ದೀಕ್ಷೆ ಪಡೆದು ಮರಳಿ ಬಂದು ಮಂಗಳೂರಿನಲ್ಲಿ ಪಾಠ ಹೇಳಿದ. ಕೊಡಗಿನಲ್ಲಿ ಹೊಲೆಯರಿಗಾಗಿ ಕಟ್ಟಿದ ಹೊಸ ಊರು ಆನಂದಪುರ ಅವನ ಹೆಸರನ್ನೇ ಹೊತ್ತಿದೆ. ಬ್ರಾಹ್ಮಣನೊಬ್ಬನ ಹೆಸರಿನಲ್ಲಿ ಹೊಲೆಯರ ಊರು ಎಂಬುದು ಆ ಕಾಲಕ್ಕೆ ಸಣ್ಣ ಮಾತಲ್ಲ.

ಶಿಷ್ಯನಾದವನು ತೆತ್ತ ಬೆಲೆ ಜಾತಿ, ಆಸ್ತಿ, ಬಂಧುಬಳಗ. ಜಾತಿಯಿಂದ ಹೊರಬಿದ್ದವನಿಗೆ ಉಣ್ಣಲು ದಾರಿ ಬೇಕು. ಬಾಸೆಲ್ ಮಿಶನ್ನಿನ ನೇಯ್ಗೆ ಮತ್ತು 1865ರಲ್ಲಿ ಮಂಗಳೂರಿನಲ್ಲಿ ಶುರುವಾದ ಹೆಂಚಿನ ಕಾರ್ಖಾನೆಗಳ ಹಿಂದೆ ಈ ಅನಿವಾರ್ಯವಿತ್ತು. ಅದರಿಂದ ಹೊಸ ಇಕ್ಕಟ್ಟೂ ಹುಟ್ಟಿತು. ಉಪದೇಶಿಸುವವನೇ ಕೂಲಿ ಕೊಡುವ ದಣಿಯಾದಾಗ ಶಿಷ್ಯ ಯಾರು, ಆಳು ಯಾರು ಎಂದು ಹೇಳುವುದು ಕಷ್ಟ.

ರಾಯಚೂರು 1948ರವರೆಗೆ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಈ ಸಂಸ್ಥಾನದಲ್ಲಿ ಕ್ರೈಸ್ತ ಧರ್ಮ ಹರಡಿದ ರೀತಿ ಮಂಗಳೂರಿನದಕ್ಕಿಂತ ಬೇರೆ. ಇಲ್ಲಿ ಬಂದವನು ಒಂಟಿ ತರುಣನಲ್ಲ. ಕೇರಿಗೆ ಕೇರಿಯೇ ಹಿರಿಯರೊಂದಿಗೆ ಕೂತು ತೀರ್ಮಾನಿಸಿ ಬಂದಿತು. ತೆಲುಗು ಭಾಗದ ದೋರ್ನಕಲ್ಲಿನಲ್ಲಿ 1912ರಲ್ಲಿ ಬಿಷಪ್ ಆದ ವಿ. ಎಸ್. ಅಜರಯ್ಯ ಆಂಗ್ಲಿಕನ್ ಸಭೆಯ ಮೊದಲ ಭಾರತೀಯ ಬಿಷಪ್. ಅವರ ಕಾಲದಲ್ಲಿ ಮಾಲ, ಮಾದಿಗ ಕುಟುಂಬಗಳು ಸಾವಿರಗಟ್ಟಲೆ ಸಭೆ ಸೇರಿದವು. ಸ್ನಾನ ಪಡೆದವನೇ ನೆರೆಯವನಿಗೆ ತಿಳಿಸಬೇಕು, ಅದು ಪಾದ್ರಿಯೊಬ್ಬನ ಕೆಲಸವಲ್ಲ ಎಂಬುದು ಅವರ ಹಠ. 1910ರಲ್ಲಿ ಎಡಿನ್‌ಬರೋದ ವಿಶ್ವ ಮಿಶನರಿ ಸಮ್ಮೇಳನದಲ್ಲಿ, ನೀವು ನಮಗಾಗಿ ತ್ಯಾಗ ಮಾಡಿದ್ದೀರಿ, ಇನ್ನು ನಮಗೆ ಬೇಕಾದದ್ದು ಗೆಳೆತನ ಎಂಬ ಅರ್ಥದ ಮಾತಾಡಿ ಬಿಳಿಯ ಮಿಶನರಿಗಳನ್ನು ತಬ್ಬಿಬ್ಬುಗೊಳಿಸಿದವರು ಇವರೇ.

ಗಾಂಧೀಜಿ 1930ರ ದಶಕದಲ್ಲಿ ಈ ಸಾಮೂಹಿಕ ಮತಾಂತರಗಳನ್ನು ಕಟುವಾಗಿ ಟೀಕಿಸಿದರು. ಬಡವರಿಗೆ ಅರ್ಥವಾಗದ್ದನ್ನು ಒಪ್ಪಿಸುವುದು ಧರ್ಮವಲ್ಲ ಎಂಬುದು ಅವರ ವಾದದ ತಿರುಳು. ಕೇರಿಯವನಿಗೆ ತನ್ನ ಹಿತ ತಿಳಿಯದು ಎಂಬ ಧೋರಣೆ ಆ ವಾದದಲ್ಲಿ ಇಣುಕುತ್ತದೆ. ಅಜರಯ್ಯ ಒಪ್ಪದಿದ್ದುದು ಸಹಜ. ಮೆಥಡಿಸ್ಟ್ ಮಿಶನರಿ ಪಿಕೆಟ್ 1933ರಲ್ಲಿ ಪ್ರಕಟಿಸಿದ ಸಮೀಕ್ಷೆ ಸ್ವಾರಸ್ಯಕರವಾಗಿದೆ. ಜನ ನಾನಾ ಉದ್ದೇಶಗಳಿಂದ ಬಂದಿದ್ದಾರೆ, ನಿಜ; ಆದರೆ ಬಂದ ಮೇಲೆ ಚೆನ್ನಾಗಿ ಕಲಿಸಿದ ಕಡೆ ಒಳ್ಳೆಯ ಸಭೆಗಳಾಗಿವೆ ಎಂದು ಅವನು ಕಂಡ. ಅವನಿಂದ ಪ್ರೇರಿತನಾದ ಡೊನಾಲ್ಡ್ ಮ್ಯಾಕ್‌ಗ್ಯಾವ್ರನ್, ಹುಟ್ಟಿದ್ದು ಈಗಿನ ಮಧ್ಯಪ್ರದೇಶದ ದಮೋಹದಲ್ಲಿ, 1955ರ ತನ್ನ ಪುಸ್ತಕದಲ್ಲಿ ಒಂದು ಹೆಜ್ಜೆ ಮುಂದೆ ಹೋದ. ಜನಾಂಗವೊಂದು ಹಳೆಯ ನಿಷ್ಠೆ ಬಿಟ್ಟು ಕ್ರಿಸ್ತನ ಕಡೆ ತಿರುಗುವುದು ಶಿಷ್ಯತ್ವ, ನಡತೆ ತಿದ್ದುವುದು ಆಮೇಲಿನ ಹಂತ ಎಂದು ಅವೆರಡನ್ನೂ ಬೇರ್ಪಡಿಸಿದ. ಮತ್ತಾಯನ ವಾಕ್ಯದಲ್ಲಿ ಉಪದೇಶ ಶಿಷ್ಯತ್ವಕ್ಕೇ ಜೋಡಿಸಿಕೊಂಡಿರುವಾಗ ಈ ವಿಂಗಡಣೆ ನನಗೆ ಬಲವಂತದ್ದಾಗಿ ಕಾಣುತ್ತದೆ. ಆದರೆ ಮನುಷ್ಯ ಒಂಟಿಯಾಗಿ ಅಲ್ಲ, ಬಳಗದೊಂದಿಗೆ ನಂಬುತ್ತಾನೆ ಎಂಬ ಅವನ ಗ್ರಹಿಕೆಯನ್ನು ಹಳ್ಳಿ ಬಲ್ಲವರು ತಳ್ಳಿಹಾಕಲಾರರು.

ಕೇರಿಯ ಸಭೆಗಳಲ್ಲಿ ಕಲಿಸುವ ಕೆಲಸ ಬಿದ್ದದ್ದು ಬಿಷಪ್ಪನ ಮೇಲಲ್ಲ, ಉಪದೇಶಿಯ ಮೇಲೆ. ಅಲ್ಪ ಸಂಬಳದ, ಅದೇ ಜಾತಿಯ, ಅದೇ ಮಾತಿನ ಮನುಷ್ಯ. ಹಗಲು ಮಕ್ಕಳಿಗೆ ಅಕ್ಷರ, ರಾತ್ರಿ ದೊಡ್ಡವರಿಗೆ ಹಾಡು, ಪ್ರಾರ್ಥನೆ. ಇತಿಹಾಸದ ಪುಸ್ತಕಗಳಲ್ಲಿ ಅವನ ಹೆಸರು ಅಪರೂಪ.

ಸ್ವಾತಂತ್ರ್ಯದ ನಂತರ ಶಿಷ್ಯತ್ವದ ಬೆಲೆಗೆ ಇನ್ನೊಂದು ಬಾಬ್ತು ಸೇರಿತು. 1950ರ ರಾಷ್ಟ್ರಪತಿ ಆದೇಶ ಪರಿಶಿಷ್ಟ ಜಾತಿಯ ಮಾನ್ಯತೆಯನ್ನು ಹಿಂದೂಗಳಿಗೆ ಸೀಮಿತಗೊಳಿಸಿತು. 1956ರಲ್ಲಿ ಸಿಖ್ಖರನ್ನೂ 1990ರಲ್ಲಿ ಬೌದ್ಧರನ್ನೂ ಅದರಲ್ಲಿ ಸೇರಿಸಲಾಯಿತು. ಕ್ರೈಸ್ತರು ಹೊರಗೇ ಉಳಿದರು. ಮೇಲುಕೇರಿಯ ಕಣ್ಣಿಗೆ ಸ್ನಾನದ ಮೊದಲೂ ಆಮೇಲೂ ಆ ಮನೆ ಅದೇ ಮನೆ. ತಹಸೀಲ್ದಾರರ ಕಚೇರಿಯ ಕಾಗದದಲ್ಲಿ ಮಾತ್ರ ಬೇರೆ. ಹೀಗಾಗಿ ಸ್ನಾನ ಪಡೆದೂ ಹಳೆಯ ಹೆಸರನ್ನೇ ಉಳಿಸಿಕೊಳ್ಳುವ ಕುಟುಂಬಗಳಿವೆ, ಸ್ನಾನ ಪಡೆಯದೆಯೇ ಭಾನುವಾರ ದೇವಾಲಯದ ಹಿಂದಿನ ಸಾಲಿನಲ್ಲಿ ಕೂರುವವರೂ ಇದ್ದಾರೆ. ಇವರನ್ನು ಯಾವ ದಫ್ತರಿನಲ್ಲಿ ಬರೆಯಬೇಕೆಂದು ಸಭೆಗೂ ಗೊತ್ತಿಲ್ಲ, ಸರಕಾರಕ್ಕೂ ಗೊತ್ತಿಲ್ಲ.