ವ್ಯಾಪಾರ ಒಪ್ಪಂದಗಳಲ್ಲಿ ಪರಿಸರದ ಷರತ್ತು: ಕೊಡಗು, ಚಿಕ್ಕಮಗಳೂರಿನ ಕಾಫಿ ಬೆಳೆಗಾರರಿಗೆ ಇದೇಕೆ ಮುಖ್ಯ?

ಹೈದರಾಬಾದ್: ಎರಡು ದೇಶಗಳ ನಡುವೆ ವ್ಯಾಪಾರ ಒಪ್ಪಂದವಾಯಿತು ಎಂದರೆ ಯಾವ ವಸ್ತುವಿನ ಸುಂಕ ಇಳಿಯಿತು ಎಂಬುದೇ ಸಾಮಾನ್ಯವಾಗಿ ಸುದ್ದಿಯಾಗುತ್ತದೆ. ಆದರೆ ಇತ್ತೀಚಿನ ಒಪ್ಪಂದಗಳಲ್ಲಿ ಸುಂಕದ ಪಟ್ಟಿಯ ಜೊತೆಗೆ ಇನ್ನೊಂದು ಅಧ್ಯಾಯವೂ ಇರುತ್ತದೆ. ಅದೇ ವ್ಯಾಪಾರ ಮತ್ತು ಸುಸ್ಥಿರ ಅಭಿವೃದ್ಧಿ. ಪರಿಸರ ರಕ್ಷಣೆ, ಕಾರ್ಮಿಕರ ಹಕ್ಕು, ಹವಾಮಾನ ಬದಲಾವಣೆ ಕುರಿತು ದೇಶಗಳು ಪರಸ್ಪರ ನೀಡುವ ಭರವಸೆಗಳು ಇದರಲ್ಲಿರುತ್ತವೆ. ಇವುಗಳಿಂದ ಕರ್ನಾಟಕದ ರೈತರಿಗೆ ಏನು ವ್ಯತ್ಯಾಸವಾಗುತ್ತದೆ? ಇಲ್ಲಿದೆ ಮಾಹಿತಿ.

ಏನಿದು ಸುಸ್ಥಿರ ಅಭಿವೃದ್ಧಿ ಅಧ್ಯಾಯ?

ಸರಳವಾಗಿ ಹೇಳುವುದಾದರೆ, ಅಗ್ಗದ ಸರಕಿಗಾಗಿ ಕಾಡು ಕಡಿಯುವುದಾಗಲಿ, ಕಾರ್ಮಿಕ ಕಾನೂನು ಸಡಿಲಿಸುವುದಾಗಲಿ ಮಾಡಬಾರದು ಎಂಬ ಒಪ್ಪಿಗೆ ಇದು. ಬಲವಂತದ ದುಡಿಮೆ ಮತ್ತು ಬಾಲ ಕಾರ್ಮಿಕ ಪದ್ಧತಿ ನಿರ್ಮೂಲನೆ, ಸಂಘಟನೆಯ ಹಕ್ಕು, ತಾರತಮ್ಯವಿಲ್ಲದ ಉದ್ಯೋಗ ಎಂಬ ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆಯ ಮೂಲ ತತ್ವಗಳನ್ನು ಇದರಲ್ಲಿ ಪುನರುಚ್ಚರಿಸಲಾಗುತ್ತದೆ. ಪ್ಯಾರಿಸ್ ಒಪ್ಪಂದದಂತಹ ಪರಿಸರ ಒಪ್ಪಂದಗಳ ಪ್ರಸ್ತಾಪವೂ ಇರುತ್ತದೆ. ಈ ಆಲೋಚನೆ ಹೊಸದೇನಲ್ಲ. ವಿಶ್ವ ವ್ಯಾಪಾರ ಸಂಸ್ಥೆಯನ್ನು ಸ್ಥಾಪಿಸಿದ 1994ರ ಮರಕೇಶ್ ಒಪ್ಪಂದದ ಪೀಠಿಕೆಯಲ್ಲೇ ಸುಸ್ಥಿರ ಅಭಿವೃದ್ಧಿಯ ಉಲ್ಲೇಖವಿದೆ.

ಭಾರತ ಹಿಂಜರಿದಿದ್ದೇಕೆ?

ಪರಿಸರ ಮತ್ತು ಕಾರ್ಮಿಕರ ಹೆಸರಿನಲ್ಲಿ ಶ್ರೀಮಂತ ರಾಷ್ಟ್ರಗಳು ತಮ್ಮ ಮಾರುಕಟ್ಟೆಗೆ ಹಿಂಬಾಗಿಲಿನಿಂದ ಬೇಲಿ ಹಾಕುತ್ತವೆ ಎಂಬುದು ಭಾರತದ ಹಳೆಯ ಆತಂಕ. ಕಡಲಾಮೆಗಳನ್ನು ರಕ್ಷಿಸುವ ಬಲೆ ಬಳಸದ ದೇಶಗಳ ಸೀಗಡಿಗೆ ಅಮೆರಿಕ ನಿಷೇಧ ಹೇರಿದಾಗ ಭಾರತ, ಮಲೇಷ್ಯಾ, ಪಾಕಿಸ್ತಾನ ಮತ್ತು ಥಾಯ್ಲೆಂಡ್ ವಿಶ್ವ ವ್ಯಾಪಾರ ಸಂಸ್ಥೆಯ ಮೊರೆ ಹೋಗಿದ್ದವು. 1998ರಲ್ಲಿ ತೀರ್ಪು ನೀಡಿದ ಮೇಲ್ಮನವಿ ಮಂಡಳಿ, ಆಮೆಗಳ ರಕ್ಷಣೆಯ ಉದ್ದೇಶ ಸರಿಯಾದದ್ದೇ, ಆದರೆ ಅಮೆರಿಕ ಅದನ್ನು ಜಾರಿ ಮಾಡಿದ ರೀತಿ ತಾರತಮ್ಯದಿಂದ ಕೂಡಿದೆ ಎಂದು ಹೇಳಿತು. ಕಾರ್ಮಿಕ ಮಾನದಂಡಗಳನ್ನು ವ್ಯಾಪಾರದ ಜೊತೆ ಗಂಟು ಹಾಕುವುದನ್ನೂ ಭಾರತ ದೀರ್ಘ ಕಾಲ ವಿರೋಧಿಸುತ್ತಲೇ ಬಂದಿತ್ತು.

ಬದಲಾಗಿದ್ದು ಯಾವಾಗ?

ಸ್ವಿಟ್ಜರ್ಲೆಂಡ್, ನಾರ್ವೆ, ಐಸ್‌ಲ್ಯಾಂಡ್ ಮತ್ತು ಲಿಕ್ಟೆನ್‌ಸ್ಟೈನ್ ಸದಸ್ಯರಾಗಿರುವ ಇಎಫ್‌ಟಿಎ ಕೂಟದ ಜೊತೆ ಭಾರತ 2024ರ ಮಾರ್ಚ್ 10ರಂದು ಒಪ್ಪಂದಕ್ಕೆ ಸಹಿ ಹಾಕಿತು. 2025ರ ಅಕ್ಟೋಬರ್ 1ರಂದು ಇದು ಜಾರಿಗೆ ಬಂದಿದೆ. 15 ವರ್ಷಗಳಲ್ಲಿ 100 ಬಿಲಿಯನ್ ಡಾಲರ್ ಹೂಡಿಕೆಯ ಗುರಿಯಿಂದಾಗಿ ಹೆಸರಾದ ಈ ಒಪ್ಪಂದದಲ್ಲಿ ಸುಸ್ಥಿರ ಅಭಿವೃದ್ಧಿಗೆಂದೇ ಪ್ರತ್ಯೇಕ ಅಧ್ಯಾಯವಿದೆ. 2025ರ ಜುಲೈ 24ರಂದು ಬ್ರಿಟನ್ ಜೊತೆ ಸಹಿಯಾದ ಒಪ್ಪಂದದಲ್ಲೂ ಪರಿಸರ ಮತ್ತು ಕಾರ್ಮಿಕರ ಕುರಿತ ಅಧ್ಯಾಯಗಳಿವೆ. ಯುರೋಪಿಯನ್ ಒಕ್ಕೂಟದ ಜೊತೆ 2007ರಲ್ಲಿ ಆರಂಭವಾಗಿ, 2013ರಲ್ಲಿ ಸ್ಥಗಿತಗೊಂಡು, 2022ರಲ್ಲಿ ಮತ್ತೆ ಶುರುವಾದ ಮಾತುಕತೆಯಲ್ಲೂ ಇದೇ ವಿಷಯ ಮುಖ್ಯವಾಗಿತ್ತು.

ಭರವಸೆ ಮುರಿದರೆ ಶಿಕ್ಷೆ ಇದೆಯೇ?

ಇಎಫ್‌ಟಿಎ ಒಪ್ಪಂದದ ಮಟ್ಟಿಗೆ ಇಲ್ಲ. ಉಳಿದ ಹಲವು ಅಧ್ಯಾಯಗಳಲ್ಲಿ ತಕರಾರು ಬಂದರೆ ವ್ಯಾಜ್ಯ ಇತ್ಯರ್ಥ ವ್ಯವಸ್ಥೆಗೆ ಹೋಗಬಹುದು. ಆದರೆ ಸುಸ್ಥಿರ ಅಭಿವೃದ್ಧಿ ಅಧ್ಯಾಯವನ್ನು ಅದರಿಂದ ಹೊರಗಿಡಲಾಗಿದೆ. ಭಿನ್ನಾಭಿಪ್ರಾಯ ಬಂದರೆ ಎರಡೂ ಕಡೆಯವರು ಕುಳಿತು ಸಮಾಲೋಚನೆ ನಡೆಸಬೇಕು, ಅಷ್ಟೇ. ಪರಿಸರ ಮತ್ತು ಕಾರ್ಮಿಕ ರಕ್ಷಣೆಯ ಮಟ್ಟ ಎಷ್ಟಿರಬೇಕು ಎಂದು ನಿರ್ಧರಿಸುವ ಹಕ್ಕು ಆಯಾ ದೇಶಕ್ಕೇ ಉಳಿದಿದೆ.

ಹಾಗಾದರೆ ಕಾಫಿ ಬೆಳೆಗಾರರಿಗೆ ಚಿಂತೆ ಏಕೆ?

ನಿಜವಾದ ಬಿಸಿ ತಟ್ಟುವುದು ಒಪ್ಪಂದಗಳಿಂದಲ್ಲ, ಆಮದು ಮಾಡಿಕೊಳ್ಳುವ ದೇಶಗಳು ತಾವಾಗಿಯೇ ಮಾಡುವ ಕಾನೂನುಗಳಿಂದ. ದೇಶದ ಕಾಫಿ ಉತ್ಪಾದನೆಯಲ್ಲಿ ಸುಮಾರು ಶೇ 70ರಷ್ಟು ಕರ್ನಾಟಕದ್ದು. ಕೊಡಗು, ಚಿಕ್ಕಮಗಳೂರು ಮತ್ತು ಹಾಸನ ಇದರ ತವರು. ಇಲ್ಲಿನ ಕಾಫಿಗೆ ಇಟಲಿ, ಜರ್ಮನಿ, ಬೆಲ್ಜಿಯಂ ದೊಡ್ಡ ಗ್ರಾಹಕರು. ಹುರಿಯದ ಹಸಿ ಕಾಫಿ ಬೀಜಕ್ಕೆ ಯುರೋಪಿಯನ್ ಒಕ್ಕೂಟದಲ್ಲಿ ಈಗಾಗಲೇ ಆಮದು ಸುಂಕವಿಲ್ಲ. ಅಂದರೆ ಸುಂಕ ಕಡಿತದಿಂದ ಈ ಬೀಜಕ್ಕೆ ಹೊಸದಾಗಿ ಸಿಗುವ ಲಾಭವೇನೂ ಇಲ್ಲ. ಮಾರುಕಟ್ಟೆಯ ಬಾಗಿಲು ತೆರೆಯುವುದು, ಮುಚ್ಚುವುದು ಇನ್ನು ಪರಿಸರ ನಿಯಮದ ಕೈಯಲ್ಲಿದೆ.

2023ರ ಜೂನ್‌ನಲ್ಲಿ ಅಸ್ತಿತ್ವಕ್ಕೆ ಬಂದ ಒಕ್ಕೂಟದ ಅರಣ್ಯನಾಶ ತಡೆ ಕಾನೂನು ಕಾಫಿ, ಕೋಕೊ, ರಬ್ಬರ್, ತಾಳೆ ಎಣ್ಣೆ, ಸೋಯಾ, ಮರ ಮತ್ತು ಜಾನುವಾರು ಉತ್ಪನ್ನಗಳಿಗೆ ಅನ್ವಯಿಸುತ್ತದೆ. 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದಲ್ಲಿ ಬೆಳೆದ ಸರಕನ್ನು ಅಲ್ಲಿ ಮಾರುವಂತಿಲ್ಲ. ಬೆಳೆದ ತೋಟ ಎಲ್ಲಿದೆ ಎಂಬುದನ್ನು ಅಕ್ಷಾಂಶ, ರೇಖಾಂಶ ಸಹಿತ ತಿಳಿಸಬೇಕು. 4 ಹೆಕ್ಟೇರ್‌ಗಿಂತ ದೊಡ್ಡ ತೋಟವಾದರೆ ಗಡಿಯ ನಕ್ಷೆಯನ್ನೇ ಕೊಡಬೇಕು. ಎರಡು ಬಾರಿ ಮುಂದೂಡಿಕೆಯಾಗಿರುವ ಈ ಕಾನೂನು ದೊಡ್ಡ ಮತ್ತು ಮಧ್ಯಮ ಕಂಪನಿಗಳಿಗೆ 2026ರ ಡಿಸೆಂಬರ್ 30ರಿಂದ, ಸಣ್ಣ ಕಂಪನಿಗಳಿಗೆ 2027ರ ಜೂನ್ 30ರಿಂದ ಅನ್ವಯಿಸಲಿದೆ.

ಸಣ್ಣ ಬೆಳೆಗಾರರ ಮೇಲೆ ಹೊರೆ ಹೇಗೆ?

ಕಾನೂನಿನ ಹೊಣೆ ಯುರೋಪಿನ ಆಮದುದಾರನದ್ದು. ಆದರೆ ಆತ ಮಾಹಿತಿ ಕೇಳುವುದು ಇಲ್ಲಿನ ರಫ್ತುದಾರನನ್ನು, ರಫ್ತುದಾರ ಕೇಳುವುದು ಬೆಳೆಗಾರನನ್ನು. ದೇಶದ ಕಾಫಿ ಬೆಳೆಗಾರರಲ್ಲಿ ಬಹುಪಾಲು ಸಣ್ಣ ಹಿಡುವಳಿದಾರರು. ಹಲವು ತೋಟಗಳ ಕಾಫಿ ಒಂದೇ ಲೋಡ್‌ನಲ್ಲಿ ಸೇರುತ್ತದೆ. ಮೂಲ ಗೊತ್ತಿಲ್ಲದ ಬೀಜ ಅದರಲ್ಲಿ ಬೆರೆತರೆ ಇಡೀ ಸರಕಿಗೆ ತೊಡಕು.

ಬೆಳೆದ ದೇಶದ ಕಾನೂನುಗಳನ್ನು ಪಾಲಿಸಿರಬೇಕು ಎಂಬ ಷರತ್ತೂ ಇದೆ. ಭೂಮಿಯ ಹಕ್ಕು ಕೂಡ ಇದರಲ್ಲಿ ಸೇರುತ್ತದೆ. ಕೊಡಗಿನ ಜಮ್ಮಾ, ಬಾಣೆ ಜಮೀನಿನ ಗೊಂದಲಗಳನ್ನು ಬಲ್ಲವರಿಗೆ ಇದರ ಕಷ್ಟ ಬಿಡಿಸಿ ಹೇಳಬೇಕಿಲ್ಲ. ವಿಪರ್ಯಾಸವೆಂದರೆ, ಮರಗಳ ನೆರಳಿನಲ್ಲೇ ಕಾಫಿ ಬೆಳೆಯುವುದು ಇಲ್ಲಿನ ಪದ್ಧತಿ. ಕಾಡಿನಂತಹ ತೋಟವಿದ್ದವರೂ ತಾವು ಕಾಡು ಕಡಿದಿಲ್ಲ ಎಂದು ದಾಖಲೆಯಲ್ಲಿ ತೋರಿಸಬೇಕು.

ಸಮಾಧಾನದ ಸಂಗತಿಯೂ ಇದೆ

ಯುರೋಪಿಯನ್ ಆಯೋಗ 2025ರ ಮೇನಲ್ಲಿ ಭಾರತವನ್ನು ಕಡಿಮೆ ಅಪಾಯದ ದೇಶಗಳ ಪಟ್ಟಿಗೆ ಸೇರಿಸಿದೆ. ಇದರಿಂದ ಆಮದುದಾರರ ಪರಿಶೀಲನೆ ಸರಳವಾಗುತ್ತದೆ. ಆದರೆ ತೋಟದ ಮಾಹಿತಿ ಸಂಗ್ರಹ ತಪ್ಪುವುದಿಲ್ಲ. ಬೆಂಗಳೂರಿನಲ್ಲಿ ಕೇಂದ್ರ ಕಚೇರಿ ಹೊಂದಿರುವ ಕಾಫಿ ಮಂಡಳಿ ಬೆಳೆಗಾರರ ನೋಂದಣಿಗೆ ಮೊಬೈಲ್ ಆ್ಯಪ್ ರೂಪಿಸಿದೆ.

ಮುಂದೇನು?

ಒಪ್ಪಂದದ ಅಧ್ಯಾಯಕ್ಕೆ ಹಲ್ಲಿಲ್ಲದಿದ್ದರೂ ಅಲ್ಲಿ ಭಾರತಕ್ಕೆ ಒಂದು ಕುರ್ಚಿ ಇದೆ. ಬೇರೆ ದೇಶದ ಸಂಸತ್ತು ಮಾಡುವ ಕಾನೂನಿನಲ್ಲಿ ಅದೂ ಇರುವುದಿಲ್ಲ. ತೋಟದ ನಕ್ಷೆ ಮಾಡುವ ಖರ್ಚು ಯಾರದ್ದು, ಇಲ್ಲಿನ ಭೂದಾಖಲೆಗಳನ್ನು ಅಲ್ಲಿ ಒಪ್ಪುತ್ತಾರೆಯೇ ಎಂಬಂತಹ ಪ್ರಶ್ನೆಗಳನ್ನು ಎತ್ತಲು ಸಮಾಲೋಚನೆಯ ಈ ವೇದಿಕೆಗಳೇ ದಾರಿ. ಅಲ್ಲಿಯವರೆಗೆ ಬೆಳೆಗಾರರು ಪಹಣಿ, ಸರ್ವೆ ನಕ್ಷೆ ಸರಿಪಡಿಸಿಕೊಂಡು ಕಾಫಿ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳುವುದು ಒಳಿತು.