ಪಟ್ಟಿಯಲ್ಲಿ ಒಂದು ಹೆಸರು

ರಾಯಚೂರು ಜಿಲ್ಲೆಯ ಮಾನ್ವಿ ತಾಲ್ಲೂಕಿನಲ್ಲಿ, ತುಂಗಭದ್ರೆಯ ದಂಡೆಯ ಮೇಲೆ ಚೀಕಲಪರ್ವಿ ಎಂಬ ಊರಿದೆ. ವಿಜಯದಾಸರ ಹುಟ್ಟೂರೆಂದು ನೀವು ಇದರ ಹೆಸರನ್ನು ಕೇಳಿರಬಹುದು. 1951-52ರಲ್ಲಿ ಮೊದಲ ಮಹಾಚುನಾವಣೆ ನಡೆದಾಗ ಈ ಭಾಗ ಹೈದರಾಬಾದ್ ರಾಜ್ಯದಲ್ಲಿತ್ತು. ನಿಜಾಮರ ಆಳ್ವಿಕೆ ಕೊನೆಗೊಂಡು ಆಗಿನ್ನೂ ನಾಲ್ಕು ವರ್ಷವೂ ತುಂಬಿರಲಿಲ್ಲ. ಜಮೀನಿರಲಿ ಇಲ್ಲದಿರಲಿ, ಓದು ಬರಲಿ ಬಾರದಿರಲಿ, 21 ವರ್ಷವಾದ ಎಲ್ಲರಿಗೂ ಒಂದೊಂದು ಮತ. ಆದರೆ ಒಂದು ಷರತ್ತು: ಹೆಸರು ಮತದಾರರ ಪಟ್ಟಿಯಲ್ಲಿರಬೇಕು.

ಈ ಷರತ್ತು ಎಷ್ಟು ದೊಡ್ಡದೆಂಬುದು ಆಗಲೇ ತಿಳಿಯಿತು. ಉತ್ತರ ಭಾರತದ ಹಲವೆಡೆ ಹೆಂಗಸರು ತಮ್ಮ ಹೆಸರು ಹೇಳದೆ, ಇಂಥವರ ಹೆಂಡತಿ, ಇಂಥವರ ತಾಯಿ ಎಂದಷ್ಟೇ ಬರೆಸಿದ್ದರು. ಮುಖ್ಯ ಚುನಾವಣಾ ಆಯುಕ್ತ ಸುಕುಮಾರ್ ಸೇನ್ ಇದನ್ನು ಒಪ್ಪಲಿಲ್ಲ. ಸುಮಾರು 28 ಲಕ್ಷ ಮಹಿಳೆಯರ ಹೆಸರು ಪಟ್ಟಿಯಿಂದ ಹೊರಗುಳಿಯಿತು.

ಪಟ್ಟಿ ಮಾಡುವವರು ತಪ್ಪಿದರೆ ಕೇಳುವವರು ಯಾರು? ನ್ಯಾಯಾಲಯವೆಂದು ನೀವು ಥಟ್ಟನೆ ಹೇಳಬಹುದು. ಉತ್ತರ ಅಷ್ಟು ಸರಳವಲ್ಲ. ಸಂವಿಧಾನದ 324ನೇ ವಿಧಿ ಚುನಾವಣೆಯ ಮೇಲ್ವಿಚಾರಣೆಯನ್ನು ಆಯೋಗಕ್ಕೆ ವಹಿಸಿದೆ. ಚುನಾವಣೆಯನ್ನು ಪ್ರಶ್ನಿಸಲು ಚುನಾವಣಾ ತಕರಾರು ಅರ್ಜಿಯೊಂದೇ ದಾರಿ ಎನ್ನುತ್ತದೆ 329ನೇ ವಿಧಿ. ಮದ್ರಾಸ್ ರಾಜ್ಯದ ನಾಮಕ್ಕಲ್‌ನಲ್ಲಿ ಪೊನ್ನುಸ್ವಾಮಿ ಎಂಬವರ ನಾಮಪತ್ರ ತಿರಸ್ಕೃತವಾದಾಗ, 1952ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಇದನ್ನೇ ಎತ್ತಿಹಿಡಿಯಿತು. ಚುನಾವಣೆ ಆರಂಭವಾದ ಮೇಲೆ ನಡುವೆ ಕೈಹಾಕುವಂತಿಲ್ಲ. ದೂರೇನಿದ್ದರೂ ಫಲಿತಾಂಶದ ನಂತರ. ಪ್ರಯೋಗ ನಡೆಯುತ್ತಿರುವಾಗ ಪಾತ್ರೆಯನ್ನು ಅಲುಗಿಸಬಾರದು ಎಂಬಂತೆ.

ಹಾಗಾದರೆ ಆಯೋಗ ಮಾಡಿದ್ದೆಲ್ಲ ಸರಿಯೇ? ಅಲ್ಲ. 1977ರಲ್ಲಿ ಪಂಜಾಬಿನ ಫಿರೋಜ್‌ಪುರದಲ್ಲಿ ಎಣಿಕೆಯ ಸಮಯದಲ್ಲಿ ಗಲಭೆಯಾಗಿ ಮತಪತ್ರಗಳು ಹಾಳಾದವು. ಆಯೋಗ ಇಡೀ ಕ್ಷೇತ್ರದಲ್ಲಿ ಮರುಮತದಾನಕ್ಕೆ ಆದೇಶಿಸಿತು. ಸುಪ್ರೀಂ ಕೋರ್ಟು ಅದನ್ನು ತಡೆಯಲಿಲ್ಲ. ಆದರೆ ಆಯೋಗವೂ ಕಾನೂನಿಗೆ ಮತ್ತು ಸಹಜ ನ್ಯಾಯಕ್ಕೆ ಬದ್ಧ. ಆದೇಶವು ಅದರಲ್ಲೇ ಬರೆದ ಕಾರಣಗಳ ಮೇಲೆ ನಿಲ್ಲಬೇಕು, ಆಮೇಲೆ ಹೊಸ ಕಾರಣ ಜೋಡಿಸುವಂತಿಲ್ಲ ಎಂದಿತು.

ಮತದಾರರ ಪಟ್ಟಿಯ ವಿಷಯ ಸ್ವಲ್ಪ ಬೇರೆ. ಪಶ್ಚಿಮ ಬಂಗಾಳದ ಮೊಕದ್ದಮೆಯೊಂದರಲ್ಲಿ 1985ರಲ್ಲಿ ಸುಪ್ರೀಂ ಕೋರ್ಟು, ಪಟ್ಟಿಯ ತಯಾರಿ 329ನೇ ವಿಧಿ ಹೇಳುವ ‘ಚುನಾವಣೆ’ಯೊಳಗೆ ಬರುವುದಿಲ್ಲ ಎಂದಿತು. ಜೊತೆಗೆ, ಪಟ್ಟಿಯ ನೆಪದಲ್ಲಿ ಚುನಾವಣೆಯನ್ನು ಮುಂದೂಡಿಸಬಾರದೆಂದೂ ಎಚ್ಚರಿಸಿತು. 1995ರ ಲಾಲ್ ಬಾಬು ಹುಸೇನ್ ಮೊಕದ್ದಮೆಯಲ್ಲಿ ಇನ್ನೂ ಸ್ಪಷ್ಟವಾಯಿತು: ಪಟ್ಟಿಯಲ್ಲಿರುವ ಹೆಸರನ್ನು ತೆಗೆಯುವ ಮೊದಲು ಆ ವ್ಯಕ್ತಿಗೆ ತಿಳಿಸಿ, ಅವರ ಮಾತನ್ನು ಕೇಳಲೇಬೇಕು.

ಮಾನ್ವಿ, ದೇವದುರ್ಗದವರಿಗೆ ಇದು ಬರಿಯ ಪುಸ್ತಕದ ಮಾತಲ್ಲ. ಇಲ್ಲಿಂದ ಎಷ್ಟೋ ಕುಟುಂಬಗಳು ಕೂಲಿಗಾಗಿ ಬೆಂಗಳೂರು, ಪುಣೆ, ಮುಂಬೈಗೆ ಗುಳೆ ಹೋಗುತ್ತವೆ. ಸಿಬ್ಬಂದಿ ಬಂದಾಗ ಮನೆಗೆ ಬೀಗ. ಬೀಗ ಕಂಡು ಹೆಸರು ಹೊಡೆದುಹಾಕಬಹುದೇ? ತಾತ್ಕಾಲಿಕವಾಗಿ ಊರು ಬಿಟ್ಟ ಮಾತ್ರಕ್ಕೆ ವಾಸಸ್ಥಳ ತಪ್ಪುವುದಿಲ್ಲ ಎಂದು 1950ರ ಪ್ರಜಾಪ್ರಾತಿನಿಧ್ಯ ಕಾಯ್ದೆಯ 20ನೇ ಸೆಕ್ಷನ್ ಹೇಳುತ್ತದೆ. 2025ರಲ್ಲಿ ಬಿಹಾರದ ಪರಿಷ್ಕರಣೆಯಲ್ಲಿ ಸುಮಾರು 65 ಲಕ್ಷ ಹೆಸರುಗಳು ಕರಡು ಪಟ್ಟಿಯಿಂದ ಬಿಟ್ಟುಹೋದಾಗ, ಅವನ್ನು ಕಾರಣಸಹಿತ ಪ್ರಕಟಿಸುವಂತೆ ಸುಪ್ರೀಂ ಕೋರ್ಟು ಆಗಸ್ಟ್ 14ರಂದು ಆದೇಶಿಸಿತು.

ಮತಗಟ್ಟೆಗಳ ವಿಷಯವೂ ಕೋರ್ಟಿನ ಮೆಟ್ಟಿಲೇರಿದೆ. ಮತದಾರ ಸಾಮಾನ್ಯವಾಗಿ 2 ಕಿಲೋಮೀಟರಿಗಿಂತ ಹೆಚ್ಚು ನಡೆಯುವಂತಾಗಬಾರದೆಂಬುದು ಆಯೋಗದ ನಿಯಮ. ಒಂದು ಮತಗಟ್ಟೆಗೆ 1,500 ಮತದಾರರವರೆಗೆ ಸೇರಿಸುವುದೇಕೆಂದು 2024ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಆಯೋಗದಿಂದ ವಿವರಣೆ ಕೇಳಿತು. 2025ರಲ್ಲಿ ಆಯೋಗ ಈ ಮಿತಿಯನ್ನು 1,200ಕ್ಕೆ ಇಳಿಸಿತು. ಸಾಲು ಉದ್ದವಾದಷ್ಟೂ ದಿನದ ಕೂಲಿ ಬಿಟ್ಟು ಬಂದವರು ಮತ ಹಾಕದೆ ಹಿಂದಿರುಗುವುದುಂಟು.

ನ್ಯಾಯಾಲಯದ ದಾರಿಗೂ ಬೆಲೆಯಿದೆ. ರಾಯಚೂರು ಜಿಲ್ಲೆಯ ಮಸ್ಕಿಯನ್ನೇ ನೋಡಿ. 2018ರಲ್ಲಿ ಅಲ್ಲಿ ಗೆಲುವಿನ ಅಂತರ ಬರೀ 213 ಮತ. ಸೋತವರು ಹೈಕೋರ್ಟಿಗೆ ತಕರಾರು ಅರ್ಜಿ ಸಲ್ಲಿಸಿದರು. 2019ರ ಜುಲೈನಲ್ಲಿ ಶಾಸಕರು ಅನರ್ಹಗೊಂಡು ಸ್ಥಾನ ತೆರವಾಯಿತು. ಡಿಸೆಂಬರಿನಲ್ಲಿ ರಾಜ್ಯದ 15 ಕ್ಷೇತ್ರಗಳಿಗೆ ಉಪಚುನಾವಣೆ ನಡೆದರೂ, ಅರ್ಜಿ ಬಾಕಿಯಿದ್ದುದರಿಂದ ಮಸ್ಕಿಗೆ ನಡೆಯಲಿಲ್ಲ. ಅಲ್ಲಿ ಮತದಾನವಾದದ್ದು 2021ರ ಏಪ್ರಿಲ್ 17ರಂದು. ಅಷ್ಟು ಕಾಲ ಅಲ್ಲಿನ ಜನರಿಗೆ ಶಾಸಕರೇ ಇರಲಿಲ್ಲ.

ಆದ್ದರಿಂದ ವಿದ್ಯಾರ್ಥಿ ಮಿತ್ರರೇ, ಸರಿಪಡಿಸುವ ಸಮಯ ಚುನಾವಣೆಗೆ ಮೊದಲು. ನಾಮಪತ್ರ ಸಲ್ಲಿಕೆಯ ಕೊನೆಯ ದಿನ ಕಳೆದರೆ ಆ ಚುನಾವಣೆಗೆ ಪಟ್ಟಿ ಬದಲಾಗದು. ಕರಡು ಪಟ್ಟಿ ಬಂದಾಗ ನಿಮ್ಮ ಹೆಸರಷ್ಟೇ ಅಲ್ಲ, ಅಜ್ಜಿಯ ಹೆಸರು, ಗುಳೆ ಹೋದ ನೆರೆಮನೆಯವರ ಹೆಸರೂ ಇದೆಯೇ ನೋಡಿ. ಇಲ್ಲದಿದ್ದರೆ ಅರ್ಜಿ ಕೊಡಿಸಿ. ನೋಂದಣಾಧಿಕಾರಿ ಒಪ್ಪದಿದ್ದರೆ ಜಿಲ್ಲಾಧಿಕಾರಿಗೆ, ಅಲ್ಲೂ ಆಗದಿದ್ದರೆ ಮುಖ್ಯ ಚುನಾವಣಾಧಿಕಾರಿಗೆ ಮೇಲ್ಮನವಿ ಸಲ್ಲಿಸಬಹುದು. ನ್ಯಾಯಾಲಯದ ಬಾಗಿಲು ಅದರಾಚೆಗಿದೆ. ಓದಲು ಬಲ್ಲ ನೀವು ಈ ಕೆಲಸ ಮಾಡಿದರೆ, ಎಷ್ಟೋ ಮಂದಿ ಅಲ್ಲಿಯವರೆಗೆ ಹೋಗಬೇಕಾಗಿಯೇ ಬರುವುದಿಲ್ಲ.