ಕ್ಯಾಮೆರಾ ಸಂವೇದಕದ ಮೇಲಿನ ಧೂಳು ಮತ್ತು ಎಣ್ಣೆಯ ಚುಕ್ಕೆಗಳು

ಡಿಜಿಟಲ್ ಕ್ಯಾಮೆರಾದ ಚಿತ್ರ ಸಂವೇದಕದ ಮುಂದಿರುವ ಗಾಜಿನ ಮೇಲೆ ಕುಳಿತು, ತೆಗೆದ ಪ್ರತಿಯೊಂದು ಚಿತ್ರದಲ್ಲೂ ಒಂದೇ ಸ್ಥಾನದಲ್ಲಿ ಕಪ್ಪು ಅಥವಾ ಬೂದು ಕಲೆಗಳನ್ನು ಮೂಡಿಸುವ ಕಣಗಳನ್ನೂ ಹನಿಗಳನ್ನೂ ಸಂವೇದಕದ ಧೂಳು ಮತ್ತು ಎಣ್ಣೆಯ ಚುಕ್ಕೆಗಳು ಎಂದು ಕರೆಯಲಾಗುತ್ತದೆ. ಮಸೂರವನ್ನು ಬದಲಾಯಿಸಬಹುದಾದ ಡಿಎಸ್‌ಎಲ್‌ಆರ್ ಮತ್ತು ಮಿರರ್‌ಲೆಸ್ ಕ್ಯಾಮೆರಾಗಳಲ್ಲಿ ಈ ತೊಂದರೆ ಹೆಚ್ಚಾಗಿ ಕಂಡುಬರುತ್ತದೆ. ಫಿಲ್ಮ್ ಕ್ಯಾಮೆರಾದಲ್ಲಿ ಪ್ರತಿ ಚಿತ್ರಕ್ಕೂ ಫಿಲ್ಮಿನ ಹೊಸ ಭಾಗವೊಂದು ಮುಂದೆ ಸರಿಯುತ್ತಿದ್ದುದರಿಂದ ಅದರ ಮೇಲೆ ಬಿದ್ದ ಧೂಳು ಆ ಚಿತ್ರದೊಂದಿಗೇ ಹೊರಟುಹೋಗುತ್ತಿತ್ತು. ಡಿಜಿಟಲ್ ಸಂವೇದಕವಾದರೋ ಸ್ಥಿರವಾಗಿರುತ್ತದೆ. ಒಮ್ಮೆ ಕುಳಿತ ಕಣವು ತೆಗೆಯುವವರೆಗೂ ಎಲ್ಲ ಚಿತ್ರಗಳಲ್ಲಿ ಉಳಿಯುತ್ತದೆ.

ಧೂಳಿನಿಂದ ಸಂವೇದಕಕ್ಕೆ ಸಾಮಾನ್ಯವಾಗಿ ಶಾಶ್ವತ ಹಾನಿಯಾಗುವುದಿಲ್ಲ. ಅದನ್ನು ತೆಗೆಯುವಾಗ ಮಾಡುವ ತಪ್ಪುಗಳಿಂದ ಹಾನಿಯಾಗಬಹುದು. ಆದ್ದರಿಂದ ಕಲೆಯು ಒಣ ಧೂಳಿನದೋ ಎಣ್ಣೆಯದೋ ಎಂಬುದನ್ನು ಮೊದಲು ಗುರುತಿಸಿ, ಅತ್ಯಂತ ಮೃದುವಾದ ವಿಧಾನದಿಂದ ಆರಂಭಿಸುವುದು ವಾಡಿಕೆಯಲ್ಲಿರುವ ಕ್ರಮ.

ಸ್ವರೂಪ

ವಾಡಿಕೆಯಲ್ಲಿ ‘ಸಂವೇದಕದ ಧೂಳು’ ಎಂದರೂ ಕಣಗಳು ಸಂವೇದಕದ ಬೆಳಕುಗ್ರಾಹಿ ಪದರವನ್ನು ಮುಟ್ಟುವುದಿಲ್ಲ. ಸಂವೇದಕದ ಮುಂದೆ ರಕ್ಷಣಾ ಗಾಜು, ಅವಕೆಂಪು ಕಿರಣಗಳನ್ನು ತಡೆಯುವ ಶೋಧಕ ಹಾಗೂ ಅನೇಕ ಮಾದರಿಗಳಲ್ಲಿ ಲೋ-ಪಾಸ್ ಶೋಧಕ ಇರುತ್ತವೆ. ಧೂಳು ಕೂರುವುದು ಈ ಪದರಗಳ ಹೊರಮೈಯ ಮೇಲೆ. ಕಣಕ್ಕೂ ಬೆಳಕುಗ್ರಾಹಿ ಪದರಕ್ಕೂ ನಡುವೆ ಸಣ್ಣ ಅಂತರವಿರುವುದರಿಂದ ಚಿತ್ರದಲ್ಲಿ ಕಾಣುವುದು ಕಣವಲ್ಲ, ಅದರ ನೆರಳು.

ನೆರಳಿನ ಗಾಢತೆಯು ದ್ಯುತಿರಂಧ್ರವನ್ನು ಅವಲಂಬಿಸಿದೆ. ಪ್ರತಿ ಬಿಂದುವಿಗೂ ಬೆಳಕು ಶಂಕುವಿನ ಆಕಾರದಲ್ಲಿ ಬಂದು ಸೇರುತ್ತದೆ. ದ್ಯುತಿರಂಧ್ರ ಹಿರಿದಾದಷ್ಟೂ ಶಂಕು ಅಗಲವಾಗಿರುತ್ತದೆ. ಗಾಜಿನಲ್ಲಿ ಆಗುವ ವಕ್ರೀಭವನವನ್ನು ಬದಿಗಿಟ್ಟು, ಕಣವು 1 ಮಿ.ಮೀ. ದೂರದಲ್ಲಿದೆ ಎಂದು ಭಾವಿಸಿದರೆ, ಆ ಸ್ಥಳದಲ್ಲಿ ಶಂಕುವಿನ ವ್ಯಾಸ ಎಫ್/2.8ರಲ್ಲಿ ಸುಮಾರು 0.36 ಮಿ.ಮೀ., ಎಫ್/16ರಲ್ಲಿ ಸುಮಾರು 0.06 ಮಿ.ಮೀ. ಆಗುತ್ತದೆ. 0.05 ಮಿ.ಮೀ. ವ್ಯಾಸದ ಕಣವೊಂದು ಮೊದಲನೆಯ ಸಂದರ್ಭದಲ್ಲಿ ಬೆಳಕಿನ ಶೇ. 2ರಷ್ಟನ್ನು ಮಾತ್ರ ತಡೆದರೆ, ಎರಡನೆಯದರಲ್ಲಿ ಶೇ. 60ಕ್ಕಿಂತ ಹೆಚ್ಚನ್ನು ತಡೆಯುತ್ತದೆ. ಹಿರಿದಾದ ದ್ಯುತಿರಂಧ್ರದಲ್ಲಿ ತೆಗೆದ ಭಾವಚಿತ್ರಗಳಲ್ಲಿ ಕಾಣದ ಧೂಳು, ಕಿರಿದಾದ ದ್ಯುತಿರಂಧ್ರದಲ್ಲಿ ತೆಗೆದ ನಿಸರ್ಗ ದೃಶ್ಯಗಳ ಆಕಾಶದಲ್ಲಿ ಎದ್ದು ತೋರುವುದು ಈ ಕಾರಣದಿಂದಲೇ.

ಮೂಲಗಳು

ಮಸೂರ ಬದಲಿಸುವಾಗ ಗಾಳಿಯಲ್ಲಿರುವ ಧೂಳು, ಬಟ್ಟೆಯ ನೂಲೆಳೆ, ಪರಾಗ ಮುಂತಾದವು ಕ್ಯಾಮೆರಾದ ಒಳಗೆ ಸೇರುತ್ತವೆ. ಮಸೂರದ ಹಿಂಬದಿಯ ಮುಚ್ಚಳದಲ್ಲಿ ಸೇರಿಕೊಂಡ ಧೂಳೂ ಒಳಬರುತ್ತದೆ. ಝೂಮ್ ಮಾಡುವಾಗ ಉದ್ದವಾಗಿ ಗಿಡ್ಡವಾಗುವ ಮಸೂರಗಳು ಹೊರಗಿನ ಗಾಳಿಯನ್ನು ಸೆಳೆದುಕೊಳ್ಳುವುದರಿಂದ ಅವುಗಳ ಮೂಲಕವೂ ಕಣಗಳು ಪ್ರವೇಶಿಸಬಹುದು.

ಕ್ಯಾಮೆರಾದ ಒಳಗೇ ಹುಟ್ಟುವ ಕೊಳೆ ಎರಡನೆಯ ಬಗೆಯದು. ಷಟರ್ ಮತ್ತು ಕನ್ನಡಿಯ ಚಲಿಸುವ ಭಾಗಗಳು ಸವೆದಾಗ ಸೂಕ್ಷ್ಮ ಚೂರುಗಳು ಉದುರುತ್ತವೆ. ಅವುಗಳಿಗೆ ಹಚ್ಚಿದ ಕೀಲೆಣ್ಣೆಯು ವೇಗದ ಚಲನೆಯಿಂದ ಸಣ್ಣ ಹನಿಗಳಾಗಿ ಸಿಡಿದು ಗಾಜಿನ ಮೇಲೆ ಬೀಳಬಹುದು. ಮಸೂರವನ್ನು ಒಮ್ಮೆಯೂ ಬದಲಿಸದ ಕ್ಯಾಮೆರಾದಲ್ಲೂ ಚುಕ್ಕೆಗಳು ಕಾಣಿಸಿಕೊಳ್ಳಲು ಇದು ಕಾರಣ.

ಒಣ ಕಣಗಳನ್ನು ಗಾಜಿಗೆ ಅಂಟಿಸಿ ಹಿಡಿಯುವುದು ಸ್ಥಾಯೀ ವಿದ್ಯುತ್ ಮತ್ತು ಅಣುಗಳ ನಡುವಣ ಆಕರ್ಷಣೆ. ವಾತಾವರಣದಲ್ಲಿ ತೇವ ಹೆಚ್ಚಿದ್ದರೆ ಕಣದ ಸುತ್ತ ನೀರಿನ ತೆಳು ಪದರ ಮೂಡಿ ಅಂಟು ಇನ್ನಷ್ಟು ಬಿಗಿಯಾಗುತ್ತದೆ. ಬಹುಕಾಲ ಹಾಗೆಯೇ ಬಿಟ್ಟ ಧೂಳು ಗಾಳಿ ಊದಿದರೂ ಕದಲದಿರಲು ಇದೂ ಒಂದು ಕಾರಣ.

ಪತ್ತೆಹಚ್ಚುವ ವಿಧಾನ

ಪರೀಕ್ಷೆಗಾಗಿ ಐಎಸ್‌ಒ ಮಟ್ಟವನ್ನು ಕನಿಷ್ಠಕ್ಕೆ ಇಳಿಸಿ, ದ್ಯುತಿರಂಧ್ರವನ್ನು ಎಫ್/16 ಅಥವಾ ಎಫ್/22ಕ್ಕೆ ಕಿರಿದುಗೊಳಿಸಿ, ಬಿಳಿ ಗೋಡೆ, ಕಾಗದ ಅಥವಾ ನಿರ್ಮಲ ಆಕಾಶದ ಚಿತ್ರವನ್ನು ತೆಗೆಯಲಾಗುತ್ತದೆ. ಮಸೂರದ ನಾಭಿಯನ್ನು ಉದ್ದೇಶಪೂರ್ವಕವಾಗಿ ತಪ್ಪಿಸಿ, ಚಿತ್ರ ತೆಗೆಯುವಾಗ ಕ್ಯಾಮೆರಾವನ್ನು ಸ್ವಲ್ಪ ಅಲುಗಿಸಿದರೆ ಗೋಡೆಯ ಮೇಲಿನ ಗುರುತುಗಳು ಮಸುಕಾಗುತ್ತವೆ. ಸಂವೇದಕದೊಂದಿಗೇ ಚಲಿಸುವ ಧೂಳಿನ ನೆರಳು ಮಾತ್ರ ಸ್ಪಷ್ಟವಾಗಿ ಉಳಿಯುತ್ತದೆ. ಬಳಿಕ ಚಿತ್ರವನ್ನು ಗಣಕದಲ್ಲಿ ಪೂರ್ಣ ಗಾತ್ರದಲ್ಲಿ ತೆರೆದು, ಬೆಳಕು-ನೆರಳಿನ ವ್ಯತ್ಯಾಸವನ್ನು ಹೆಚ್ಚಿಸಿ ನೋಡಲಾಗುತ್ತದೆ.

ಮಸೂರವು ಬಿಂಬವನ್ನು ತಲೆಕೆಳಗಾಗಿ ಮೂಡಿಸುತ್ತದೆ. ಕ್ಯಾಮೆರಾವನ್ನು ಮಸೂರದ ಕಡೆಯಿಂದ ನೋಡುವವರಿಗೆ, ಚಿತ್ರದ ಮೇಲ್ಭಾಗದ ಕಲೆ ಸಂವೇದಕದ ಕೆಳಭಾಗದಲ್ಲಿರುತ್ತದೆ, ಎಡಬಲಗಳು ಬದಲಾಗುವುದಿಲ್ಲ.

ಬೇರೆ ದೋಷಗಳನ್ನು ಧೂಳೆಂದು ತಪ್ಪು ತಿಳಿಯುವ ಸಾಧ್ಯತೆಯುಂಟು:

- ವ್ಯೂಫೈಂಡರಿನಲ್ಲಿ ಕಂಡು ಚಿತ್ರದಲ್ಲಿ ಕಾಣದ ಕಣವು ಕನ್ನಡಿಯ ಅಥವಾ ನಾಭಿ ಪರದೆಯ ಮೇಲಿರುತ್ತದೆ.
- ಮಸೂರದ ಮುಂಭಾಗದ ಧೂಳು ಸಾಮಾನ್ಯವಾಗಿ ಸ್ಪಷ್ಟ ಚುಕ್ಕೆಯನ್ನು ಮೂಡಿಸುವುದಿಲ್ಲ. ಮಸೂರ ಬದಲಿಸಿದರೂ ಕಲೆ ಅದೇ ಸ್ಥಾನದಲ್ಲಿ ಉಳಿದರೆ ಅದು ಸಂವೇದಕದ ಕಡೆಯದು.
- ದೀರ್ಘಕಾಲ ಬೆಳಕಿಗೊಡ್ಡಿದ ಚಿತ್ರಗಳಲ್ಲಿ ಹೊಳೆಯುವ ಬಣ್ಣದ ಒಂಟಿ ಬಿಂದುಗಳು ದೋಷಯುಕ್ತ ಪಿಕ್ಸೆಲ್‌ಗಳು. ಶುಚಿಗೊಳಿಸುವುದರಿಂದ ಅವು ಹೋಗುವುದಿಲ್ಲ.

ಧೂಳಿನ ನೆರಳು ಅನಿಯತ ಆಕಾರದ್ದು. ನೂಲೆಳೆ ಬಾಗಿದ ಗೆರೆಯಂತೆ ಕಾಣುತ್ತದೆ. ಎಣ್ಣೆಯ ಹನಿ ದುಂಡಗಿದ್ದು, ಕಿರುಮಸೂರದಂತೆ ಬೆಳಕನ್ನು ಬಾಗಿಸುವುದರಿಂದ ಕೆಲವೊಮ್ಮೆ ಅದರ ನಡುಭಾಗ ಅಂಚಿಗಿಂತ ತಿಳಿಯಾಗಿರುತ್ತದೆ. ಗಾಳಿ ಊದುವ ಮೊದಲು ಮತ್ತು ಊದಿದ ನಂತರ ತೆಗೆದ ಪರೀಕ್ಷಾ ಚಿತ್ರಗಳ ಹೋಲಿಕೆ ಹೆಚ್ಚು ನಂಬಲರ್ಹ: ಸ್ಥಳ ಬದಲಿಸಿದ ಅಥವಾ ಮಾಯವಾದ ಕಲೆ ಒಣ ಧೂಳಿನದು, ಕದಲದೆ ಉಳಿದದ್ದು ಎಣ್ಣೆ ಅಥವಾ ಬಿಗಿಯಾಗಿ ಅಂಟಿದ ಕಣ.

ಕ್ಯಾಮೆರಾದೊಳಗಿನ ನಿವಾರಣಾ ವ್ಯವಸ್ಥೆಗಳು

2003ರಲ್ಲಿ ಬಂದ ಒಲಿಂಪಸ್ ಇ-1 ಧೂಳು ನಿವಾರಕ ವ್ಯವಸ್ಥೆಯನ್ನು ಒಳಗೊಂಡ ಮೊದಲ ಡಿಎಸ್‌ಎಲ್‌ಆರ್. ಅದರಲ್ಲಿ ಸಂವೇದಕದ ಮುಂದಿನ ಪಾರದರ್ಶಕ ಫಲಕವು ಶ್ರವಣಾತೀತ ಆವರ್ತನದಲ್ಲಿ ಕಂಪಿಸಿ ಧೂಳನ್ನು ಉದುರಿಸುತ್ತದೆ. 2006ರಲ್ಲಿ ಕ್ಯಾನನ್ ಇಒಎಸ್ 400ಡಿ, ಸೋನಿ ಆಲ್ಫಾ 100 ಮತ್ತು ಪೆಂಟಾಕ್ಸ್ ಕೆ10ಡಿ, 2007ರಲ್ಲಿ ನಿಕಾನ್ ಡಿ300 ಇಂತಹ ವ್ಯವಸ್ಥೆಗಳೊಂದಿಗೆ ಬಂದವು. ಕೆಲವು ಮಾದರಿಗಳು ಶೋಧಕವನ್ನು ಕಂಪಿಸಿದರೆ, ಇನ್ನು ಕೆಲವು ಸ್ಥಿರೀಕರಣಕ್ಕಾಗಿ ಇರುವ ಯಾಂತ್ರಿಕತೆಯಿಂದ ಸಂವೇದಕವನ್ನೇ ಅಲುಗಿಸುತ್ತವೆ.

ಕಂಪನವು ಸಡಿಲವಾದ ಒಣ ಕಣಗಳ ಮೇಲೆ ಮಾತ್ರ ಪರಿಣಾಮಕಾರಿ. ಎಣ್ಣೆಯ ಹನಿ ಗಾಜಿನ ಮೇಲೆ ಹರಡಿಕೊಂಡು ಅಂಟಿರುವುದರಿಂದ ಉದುರುವುದಿಲ್ಲ.

ಕೈಯಿಂದ ಶುಚಿಗೊಳಿಸುವ ವಿಧಾನಗಳು

ಎಲ್ಲ ವಿಧಾನಗಳಿಗೂ ಮುನ್ನ ಬ್ಯಾಟರಿಯನ್ನು ಪೂರ್ಣವಾಗಿ ಚಾರ್ಜ್ ಮಾಡಿ, ಡಿಎಸ್‌ಎಲ್‌ಆರ್‌ನಲ್ಲಿ ಕನ್ನಡಿಯನ್ನು ಮೇಲೆತ್ತಿ ಷಟರನ್ನು ತೆರೆದಿಡುವ ‘ಶುಚಿಗೊಳಿಸುವಿಕೆ’ ಆಯ್ಕೆಯನ್ನು ಬಳಸಲಾಗುತ್ತದೆ. ಕೆಲಸದ ನಡುವೆ ವಿದ್ಯುತ್ ನಿಂತರೆ ಷಟರ್ ಮುಚ್ಚಿಕೊಂಡು, ಒಳಗಿರುವ ಸಾಧನಕ್ಕೆ ತಗುಲಿ ಮುರಿಯಬಹುದು. ಬಲ್ಬ್ ವಿಧಾನದಲ್ಲಿ ಗುಂಡಿಯನ್ನು ಒತ್ತಿಹಿಡಿದು ಷಟರ್ ತೆರೆದಿಡುವುದು ಇದೇ ಕಾರಣದಿಂದ ಸುರಕ್ಷಿತವಲ್ಲ.

ಗಾಳಿ ಊದುವುದು: ರಬ್ಬರಿನ ಊದುಬುರುಡೆಯಿಂದ ಗಾಳಿ ಹಾಯಿಸುವುದು ಮೊದಲ ಹಂತ. ಕ್ಯಾಮೆರಾದ ಬಾಯಿಯನ್ನು ಕೆಳಮುಖವಾಗಿ ಹಿಡಿದರೆ ಕದಲಿದ ಕಣಗಳು ಹೊರಬೀಳುತ್ತವೆ. ಬುರುಡೆಯ ಮೂತಿ ಗಾಜಿಗೆ ತಾಗಬಾರದು. ಬಾಯಿಂದ ಊದಿದರೆ ಎಂಜಲಿನ ಹನಿಗಳು ಬೀಳುತ್ತವೆ. ಡಬ್ಬಿಯಲ್ಲಿ ದೊರೆಯುವ ಒತ್ತಡದ ಅನಿಲವು ದ್ರವರೂಪದಲ್ಲಿ ಸಿಡಿದು ಹೊಸ ಕಲೆಗಳನ್ನು ಉಂಟುಮಾಡಬಹುದಾದ್ದರಿಂದ ಅದನ್ನು ಬಳಸುವುದಿಲ್ಲ.

ಕುಂಚ ಮತ್ತು ಅಂಟುತುದಿಯ ಕಡ್ಡಿ: ಊದಿದರೂ ಹೋಗದ ಒಣ ಕಣಗಳಿಗೆ ಈ ಕೆಲಸಕ್ಕಾಗಿಯೇ ತಯಾರಾದ ಕುಂಚ ಅಥವಾ ಮೃದುವಾದ ಅಂಟುತುದಿಯ ಕಡ್ಡಿಯನ್ನು ಬಳಸಬಹುದು. ಎಣ್ಣೆಯಿರುವ ಗಾಜಿಗೆ ಇವು ತಕ್ಕವಲ್ಲ. ಕುಂಚವು ಎಣ್ಣೆಯನ್ನು ಗೆರೆಗಳಾಗಿ ಎಳೆದು ಇಡೀ ಮೇಲ್ಮೈಗೆ ಹರಡುತ್ತದೆ. ಬಳಿಕ ಆ ಕುಂಚವೂ ನಿರುಪಯುಕ್ತವಾಗುತ್ತದೆ.

ದ್ರವದಿಂದ ಒರೆಸುವುದು: ಎಣ್ಣೆಯನ್ನು ತೆಗೆಯಲು ದ್ರಾವಕ ಅಗತ್ಯ. ಸಂವೇದಕದ ಎತ್ತರಕ್ಕೆ ಸರಿಹೊಂದುವ ಅಗಲದ, ಎಳೆ ಬಿಡದ ಬಟ್ಟೆ ಸುತ್ತಿದ ಚಪ್ಪಟೆ ಕಡ್ಡಿಗೆ ಒಂದೆರಡು ಹನಿ ದ್ರವ ಹಾಕಿ, ಒಂದು ಅಂಚಿನಿಂದ ಇನ್ನೊಂದು ಅಂಚಿನವರೆಗೆ ಒಂದೇ ಎಳೆತದಲ್ಲಿ ಹಗುರವಾಗಿ ಒರೆಸಲಾಗುತ್ತದೆ. ಬಳಿಕ ಕಡ್ಡಿಯ ಇನ್ನೊಂದು ಮಗ್ಗುಲಿನಿಂದ ಹಿಂದಿರುಗಿ ಒರೆಸಿ, ಕಡ್ಡಿಯನ್ನು ಎಸೆಯಲಾಗುತ್ತದೆ. ಪೂರ್ಣ ಚೌಕಟ್ಟಿನ ಸಂವೇದಕಕ್ಕೆ (36×24 ಮಿ.ಮೀ.) 24 ಮಿ.ಮೀ. ಅಗಲದ ಕಡ್ಡಿಯೂ ಎಪಿಎಸ್-ಸಿ ಗಾತ್ರಕ್ಕೆ ಸುಮಾರು 16 ಮಿ.ಮೀ. ಅಗಲದ್ದೂ ಬಳಕೆಯಲ್ಲಿವೆ. ಒರೆಸುವ ಮುನ್ನ ಗಾಳಿ ಊದುವುದು ಕಡ್ಡಾಯ. ಮರಳಿನ ಕಣವೊಂದು ಉಳಿದಿದ್ದರೂ ಕಡ್ಡಿಯ ಕೆಳಗೆ ಸಿಕ್ಕಿ ಗಾಜಿನ ಲೇಪನವನ್ನು ಗೀರುತ್ತದೆ. ದ್ರವ ಹೆಚ್ಚಾದರೆ ಅಂಚುಗಳಲ್ಲಿ ಒಣಗಿ ಕಲೆಯಾಗುತ್ತದೆ. ಬಳಕೆಯಲ್ಲಿರುವ ಕೆಲವು ದ್ರವಗಳಲ್ಲಿ ಮೆಥನಾಲ್ ಇರುತ್ತದೆ. ಅದು ವಿಷಕಾರಿ ಮತ್ತು ಸುಲಭವಾಗಿ ಹೊತ್ತಿಕೊಳ್ಳುವಂಥದ್ದು.

ಗೀರುಬಿದ್ದ ಶೋಧಕವನ್ನು ಸರಿಪಡಿಸಲಾಗದು, ಬದಲಿಸಬೇಕಾಗುತ್ತದೆ. ಅಭ್ಯಾಸವಿಲ್ಲದವರು ದ್ರವದ ಹಂತವನ್ನು ಸೇವಾ ಕೇಂದ್ರಕ್ಕೆ ಬಿಡುವುದು ಕ್ಷೇಮ. ಸಂವೇದಕವೇ ಚಲಿಸುವ ಸ್ಥಿರೀಕರಣ ವ್ಯವಸ್ಥೆಯಿರುವ ಕ್ಯಾಮೆರಾಗಳಲ್ಲಿ ಒತ್ತಡದ ಬಗ್ಗೆ ಹೆಚ್ಚಿನ ಎಚ್ಚರ ಬೇಕು.

ತಂತ್ರಾಂಶದ ಮೂಲಕ ನಿವಾರಣೆ

ಚುಕ್ಕೆಗಳ ಸ್ಥಾನ ಬದಲಾಗದಿರುವುದು ತಂತ್ರಾಂಶಕ್ಕೆ ಅನುಕೂಲ. ಒಂದು ಚಿತ್ರದಲ್ಲಿ ಮಾಡಿದ ತಿದ್ದುಪಡಿಯನ್ನು ಸರಣಿಯ ಉಳಿದ ಚಿತ್ರಗಳಿಗೂ ಅನ್ವಯಿಸಬಹುದು. ಕ್ಯಾನನ್ ಮತ್ತು ನಿಕಾನ್ ಕ್ಯಾಮೆರಾಗಳು ಬಿಳಿ ಹಿನ್ನೆಲೆಯ ಚಿತ್ರದಿಂದ ಧೂಳಿನ ನಕ್ಷೆ ಸಿದ್ಧಪಡಿಸಿ, ತಮ್ಮ ತಂತ್ರಾಂಶದಲ್ಲಿ ಕಲೆಗಳನ್ನು ಅಳಿಸುವ ಸೌಲಭ್ಯವನ್ನು ಒದಗಿಸಿವೆ. ಆದರೆ ಮುಖ, ಅಕ್ಷರ ಅಥವಾ ಸೂಕ್ಷ್ಮ ವಿನ್ಯಾಸದ ಮೇಲೆ ಬಿದ್ದ ಕಲೆಯನ್ನು ಅಳಿಸಿದಾಗ ಅಲ್ಲಿ ತುಂಬುವುದು ಊಹಿಸಿದ ವಿವರವೇ ಹೊರತು ದಾಖಲಾದ ವಿವರವಲ್ಲ. ಚಿತ್ರದ ಒಳವಸ್ತುವನ್ನು ಬದಲಿಸಬಾರದೆಂದು ವಿಧಿಸುವ ವರ್ಲ್ಡ್ ಪ್ರೆಸ್ ಫೋಟೋ ಸ್ಪರ್ಧೆಯೂ ಸಂವೇದಕದ ಧೂಳಿನ ಕಲೆಯನ್ನು ತೆಗೆಯುವುದಕ್ಕೆ ವಿನಾಯಿತಿ ನೀಡಿದೆ.

ನಿಕಾನ್ ಡಿ600 ಪ್ರಕರಣ

2012ರ ಸೆಪ್ಟೆಂಬರ್‌ನಲ್ಲಿ ಬಿಡುಗಡೆಯಾದ ನಿಕಾನ್ ಡಿ600 ಕ್ಯಾಮೆರಾದ ಚಿತ್ರಗಳಲ್ಲಿ, ವಿಶೇಷವಾಗಿ ಎಡ ಮೇಲ್ಭಾಗದಲ್ಲಿ, ಚುಕ್ಕೆಗಳು ಬೇಗನೆ ಹೆಚ್ಚುತ್ತಿವೆ ಎಂಬ ದೂರುಗಳು ಬಂದವು. 2013ರ ಫೆಬ್ರವರಿಯಲ್ಲಿ ಕಂಪನಿಯು ಊದುಬುರುಡೆಯಿಂದ ಶುಚಿಗೊಳಿಸಿ, ಕಲೆ ಹೋಗದಿದ್ದರೆ ಸೇವಾ ಕೇಂದ್ರವನ್ನು ಸಂಪರ್ಕಿಸುವಂತೆ ಸೂಚನೆ ಹೊರಡಿಸಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಉತ್ತರಾಧಿಕಾರಿ ಮಾದರಿಯಾದ ಡಿ610 ಪ್ರಕಟವಾಯಿತು. 2014ರ ಫೆಬ್ರವರಿಯಲ್ಲಿ, ಖಾತರಿ ಅವಧಿ ಮುಗಿದಿದ್ದರೂ ಡಿ600 ಕ್ಯಾಮೆರಾಗಳನ್ನು ಉಚಿತವಾಗಿ ಪರೀಕ್ಷಿಸಿ, ಶುಚಿಗೊಳಿಸಿ, ಷಟರ್ ಮತ್ತು ಸಂಬಂಧಿತ ಭಾಗಗಳನ್ನು ಬದಲಿಸಿಕೊಡುವುದಾಗಿ ಕಂಪನಿ ಘೋಷಿಸಿತು. ಮುಂದಿನ ತಿಂಗಳು ಚೀನಾದ ಸರ್ಕಾರಿ ದೂರದರ್ಶನ ಸಿಸಿಟಿವಿ ಗ್ರಾಹಕ ಹಕ್ಕುಗಳ ದಿನದ ಕಾರ್ಯಕ್ರಮದಲ್ಲಿ ಈ ವಿಷಯವನ್ನು ಪ್ರಸಾರ ಮಾಡಿದ ಬಳಿಕ, ಶಾಂಘೈ ಅಧಿಕಾರಿಗಳು ಈ ಮಾದರಿಯ ಮಾರಾಟ ನಿಲ್ಲಿಸಲು ಆದೇಶಿಸಿದರು.

ಇತರ ಕ್ಷೇತ್ರಗಳಲ್ಲಿ

ಖಗೋಳ ಛಾಯಾಗ್ರಹಣದಲ್ಲಿ, ನಡುವೆ ದ್ವಿತೀಯ ಕನ್ನಡಿಯಿರುವ ದೂರದರ್ಶಕಗಳನ್ನು ಬಳಸಿದಾಗ ಧೂಳಿನ ನೆರಳು ಉಂಗುರದಂತೆ ಮೂಡುತ್ತದೆ. ಏಕರೂಪವಾಗಿ ಬೆಳಗಿದ ಮೇಲ್ಮೈಯ ‘ಫ್ಲ್ಯಾಟ್’ ಚಿತ್ರವನ್ನು ತೆಗೆದು, ಮೂಲ ಚಿತ್ರವನ್ನು ಅದರಿಂದ ಭಾಗಿಸಿ ಈ ನೆರಳನ್ನು ನಿವಾರಿಸಲಾಗುತ್ತದೆ. ಇಲ್ಲಿ ಕಾಣೆಯಾದ ವಿವರವನ್ನು ಊಹಿಸದೆ, ತಗ್ಗಿದ ಬೆಳಕನ್ನು ಅಳತೆಯ ಆಧಾರದ ಮೇಲೆ ಸರಿಪಡಿಸಲಾಗುತ್ತದೆ.

ಧೂಳಿನ ವಿನ್ಯಾಸ ಪ್ರತಿ ಕ್ಯಾಮೆರಾದಲ್ಲೂ ಬೇರೆಯಾಗಿರುವುದರಿಂದ, ಒಂದು ಚಿತ್ರವನ್ನು ಯಾವ ಕ್ಯಾಮೆರಾದಿಂದ ತೆಗೆಯಲಾಗಿದೆ ಎಂಬುದನ್ನು ಗುರುತಿಸಲು ಅದನ್ನು ಬಳಸಬಹುದೆಂದು ಎ. ಇ. ದಿರಿಕ್, ಎಚ್. ಟಿ. ಸೆಂಕಾರ್ ಮತ್ತು ನಾಸಿರ್ ಮೆಮನ್ 2008ರ ಸಂಶೋಧನಾ ಪ್ರಬಂಧದಲ್ಲಿ ತೋರಿಸಿದರು.

ತಡೆಗಟ್ಟುವಿಕೆ

ಮಸೂರವನ್ನು ಗಾಳಿಯಿಲ್ಲದ ಸ್ಥಳದಲ್ಲಿ, ಕ್ಯಾಮೆರಾವನ್ನು ನಿಲ್ಲಿಸಿ, ಅದರ ಬಾಯಿಯನ್ನು ಕೆಳಮುಖವಾಗಿ ಹಿಡಿದು ಬೇಗನೆ ಬದಲಿಸುವುದು ಸಾಮಾನ್ಯ ಮುನ್ನೆಚ್ಚರಿಕೆ. ಮಸೂರದ ಹಿಂಬದಿ, ಮುಚ್ಚಳಗಳು ಮತ್ತು ಚೀಲದ ಒಳಭಾಗವನ್ನೂ ಶುಚಿಯಾಗಿಡಬೇಕು. ಮಿರರ್‌ಲೆಸ್ ಕ್ಯಾಮೆರಾಗಳಲ್ಲಿ ಮಸೂರ ತೆಗೆದೊಡನೆ ಸಂವೇದಕ ತೆರೆದುಕೊಳ್ಳುತ್ತದೆ. 2018ರ ಕ್ಯಾನನ್ ಇಒಎಸ್ ಆರ್ ಮುಂತಾದವು ಕ್ಯಾಮೆರಾವನ್ನು ನಿಲ್ಲಿಸಿದಾಗ ಷಟರನ್ನು ಮುಚ್ಚಿ ಅದಕ್ಕೆ ಮರೆಯೊದಗಿಸುತ್ತವೆ. 2021ರ ನಿಕಾನ್ ಝಡ್9ರಲ್ಲಿ ಯಾಂತ್ರಿಕ ಷಟರ್ ಇಲ್ಲದಿರುವುದರಿಂದ ಷಟರಿನ ಕೀಲೆಣ್ಣೆ ಸಿಡಿಯುವ ಪ್ರಶ್ನೆಯೇ ಇಲ್ಲ. ಹೊರಗಿನ ಧೂಳಿನಿಂದ ರಕ್ಷಣೆಗಾಗಿ ಅದಕ್ಕೆ ಪ್ರತ್ಯೇಕ ಮುಚ್ಚುಫಲಕವನ್ನು ಅಳವಡಿಸಲಾಗಿದೆ.